ಗೃಹಸ್ಥನ ನಿತ್ಯಪಾಠ: ತಾಯಿತಂದೆಗಳ ಗೌರವವೂ ಮನಸ್ಸಿನ ಶಾಂತಿಯೂ

ಬೆಳಗಿನ ಸ್ನಾನವಾದ ಮೇಲೆ ದೇವರ ಮುಂದೆ ಕುಳಿತು ಒಂದೆರಡು ಮಂತ್ರಗಳನ್ನೋ ಶ್ಲೋಕಗಳನ್ನೋ ಹೇಳಿಕೊಳ್ಳುವ ರೂಢಿಯು ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಉಳಿದುಬಂದಿರುವುದು ಸಂತೋಷದ ಸಂಗತಿಯೇ ಸರಿ. ಮಕ್ಕಳಿಗೆ ಮೊದಲು ಬಾಯಿಪಾಠ ಮಾಡಿಸುವವುಗಳಲ್ಲಿ ತಾಯಿ, ತಂದೆ, ಆಚಾರ್ಯ, ಅತಿಥಿ ಎಂಬ ನಾಲ್ವರನ್ನು ದೇವರಂತೆ ಕಾಣಬೇಕೆನ್ನುವ ಉಪನಿಷತ್ತಿನ ನಾಲ್ಕು ವಾಕ್ಯಗಳು ಪ್ರಮುಖವಾದುವು. ಅವು ಚಿಕ್ಕವು, ನಾಲ್ಕೂ ಸೇರಿ ಇಪ್ಪತ್ತಾರು ಅಕ್ಷರಗಳಿಗೆ ಮೀರವು. ಆದಕಾರಣ ನಾಲ್ಕು ವರುಷದ ಕೂಸೂ ಅವನ್ನು ಎರಡು ದಿನಗಳಲ್ಲಿ ಕಲಿತು ಒಪ್ಪಿಸುವುದು. ಕಲಿತದ್ದು ಇಷ್ಟು ಸುಲಭವಾದುದರಿಂದಲೋ ಏನೋ, ದೊಡ್ಡವರಾದ ಮೇಲೆ ಅವುಗಳ ಕಡೆಗೆ ನಾವು ಮತ್ತೆ ತಿರುಗಿ ನೋಡುವುದೇ ಇಲ್ಲ. ಈ ತಿಂಗಳು ಆ ನಾಲ್ಕು ವಾಕ್ಯಗಳನ್ನೇ ಮುಂದಿಟ್ಟುಕೊಂಡು, ಅವನ್ನು ಹೇಗೆ ಹೇಳಿಕೊಳ್ಳಬೇಕು, ಹೇಳಿಕೊಳ್ಳುವುದರಿಂದ ಮನಸ್ಸಿಗೆ ಆಗುವ ಉಪಕಾರವೇನು, ಹೇಳಿದ ಮೇಲೆ ಮಾಡಬೇಕಾದುದೇನು ಎಂಬುದನ್ನು ವಾಚಕರೊಡನೆ ವಿಚಾರ ಮಾಡೋಣವೆಂದಿದ್ದೇವೆ.

ಮೊದಲು ಅವುಗಳ ಸ್ಥಾನವನ್ನು ತಿಳಿಯೋಣ. ಕೃಷ್ಣಯಜುರ್ವೇದಕ್ಕೆ ಸೇರಿದ ತೈತ್ತಿರೀಯಾರಣ್ಯಕದ 7, 8 ಮತ್ತು 9ನೆಯ ಪ್ರಪಾಠಕಗಳಿಗೆ ತೈತ್ತಿರೀಯೋಪನಿಷತ್ತೆಂದು ಹೆಸರು. ಅದರಲ್ಲಿ ಮೊದಲನೆಯದು ಶೀಕ್ಷಾವಲ್ಲಿ. ಅದರ 11ನೆಯ ಅನುವಾಕದಲ್ಲಿ, ವೇದಾಧ್ಯಯನವನ್ನು ಮುಗಿಸಿ ಮನೆಗೆ ಹೊರಟು ನಿಂತ ಶಿಷ್ಯನಿಗೆ ಆಚಾರ್ಯನು ಕಡೆಯ ಬುದ್ಧಿಯನ್ನು ಹೇಳುತ್ತಾನೆ. ಸತ್ಯವನ್ನು ನುಡಿಯಬೇಕು, ಧರ್ಮವನ್ನು ಆಚರಿಸಬೇಕು, ಕಲಿತದ್ದನ್ನು ಮರೆಯಬಾರದು ಎಂದು ಮೊದಲುಮಾಡಿ, ಆ ಬಳಿಕ ತಾಯಿತಂದೆಗಳ ಮಾತಿಗೆ ಬರುತ್ತಾನೆ. ಇಂದಿಗೂ ಅನೇಕ ವಿಶ್ವವಿದ್ಯಾಲಯಗಳ ಘಟಿಕೋತ್ಸವಗಳಲ್ಲಿ ಈ ಅನುವಾಕವನ್ನು ಹೇಳಿಸುವುದುಂಟು.

ಈ ಸಂದರ್ಭವನ್ನು ಮನಸ್ಸಿನಲ್ಲಿಟ್ಟರೆ ಒಂದು ಸಂಗತಿ ಸ್ಪಷ್ಟವಾಗುವುದು. ಹೊರಟು ನಿಂತಿರುವವನು ಹಾಲುಗಲ್ಲದ ಬಾಲಕನಲ್ಲ. ಪ್ರಾಯಕ್ಕೆ ಬಂದು, ಮದುವೆಯಾಗಿ, ಸಂಸಾರವನ್ನು ಹೂಡಲಿರುವ ತರುಣನು. ಎಳೆಯ ಮಗುವಿಗೆ ತಾಯಿಯು ತಾನಾಗಿಯೇ ದೇವರು. ಅದಕ್ಕೆ ಉಪದೇಶ ಬೇಡ. ಸ್ವಂತ ಸಂಪಾದನೆ, ಸ್ವಂತ ಮನೆ, ಸ್ವಂತ ಅಭಿಪ್ರಾಯ ಇವು ಮೂರೂ ಬಂದ ಮೇಲೆ ಉಪದೇಶ ಬೇಕಾಗುವುದು. ಹೀಗಿರುವಲ್ಲಿ ಈ ವಾಕ್ಯಗಳನ್ನು ಮಕ್ಕಳಿಗೆ ಮಾತ್ರ ಕಲಿಸಿ, ದೊಡ್ಡವರಾದ ನಾವು ಕೇಳಿ ಮೆಚ್ಚಿಕೊಳ್ಳುವುದು ಎಷ್ಟು ವಿಚಿತ್ರ! ಪಾಠವು ನಮ್ಮದು, ಅದನ್ನು ಕೂಸುಗಳ ಮೇಲೆ ಹೊರಿಸಿದ್ದೇವೆ.

ಇನ್ನೊಂದು ಮಾತು ವ್ಯಾಕರಣಕ್ಕೆ ಸಂಬಂಧಿಸಿದುದು. ಆದರೂ ಮನೆಯ ಬಾಳಿಗೆ ಬಹಳ ಹತ್ತಿರವಾದುದು. 'ತಾಯಿಯೇ ದೇವರು' ಎಂದು ಆ ವಾಕ್ಯಕ್ಕೆ ಅರ್ಥ ಹೇಳುವುದು ವಾಡಿಕೆ. ಆದರೆ ಅಲ್ಲಿಯ 'ಮಾತೃದೇವ' ಎಂಬ ಪದವು ಬಹುವ್ರೀಹಿ ಸಮಾಸ. ಯಾವನಿಗೆ ತಾಯಿಯೇ ದೇವರೋ ಅವನು ಎಂದು ಅದರ ಅರ್ಥ. ಮುಂದಿನ ಕ್ರಿಯಾಪದವು 'ಆಗು' ಎಂಬ ಆಜ್ಞೆ. ಎಂದರೆ, 'ತಾಯಿಯನ್ನು ದೇವರಾಗಿ ಉಳ್ಳವನು ನೀನಾಗು' ಎಂದು ಕೇಳುವವನಿಗೇ ವಿಧಿಸಿದಂತಾಯಿತು. ಶ್ರೀ ಶಂಕರಾಚಾರ್ಯರೂ ತಮ್ಮ ಭಾಷ್ಯದಲ್ಲಿ, ಈ ನಾಲ್ವರನ್ನೂ ದೇವತೆಗಳಂತೆ ಉಪಾಸನೆ ಮಾಡತಕ್ಕದ್ದೆಂದೇ ತಾತ್ಪರ್ಯವನ್ನು ಹೇಳಿದ್ದಾರೆ. ಇದು ತಾಯಿಯ ಸ್ತೋತ್ರವಲ್ಲ. ಮಗನಿಗೆ ಇತ್ತ ಕೆಲಸ. ಸ್ತೋತ್ರವಾಗಿದ್ದರೆ ಹೇಳಿ ಮುಗಿಸಿದಾಗ ಕರ್ತವ್ಯವೂ ಮುಗಿಯುತ್ತಿತ್ತು. ಆಜ್ಞೆಯಾದುದರಿಂದ ಹೇಳಿ ಮುಗಿಸಿದಾಗ ಕರ್ತವ್ಯವು ಮೊದಲಾಗುವುದು.

ಇನ್ನು ಹೇಳುವ ಕ್ರಮ. ಶೀಕ್ಷಾವಲ್ಲಿಯ ಎರಡನೆಯ ಅನುವಾಕದಲ್ಲಿಯೇ ಉಚ್ಚಾರಣೆಯ ಆರು ಅಂಗಗಳನ್ನು ಎಣಿಸಿದೆ: ವರ್ಣ, ಸ್ವರ, ಮಾತ್ರೆ, ಬಲ, ಸಾಮ, ಸಂತಾನ. ಅಕ್ಷರವು ಯಾವುದೋ ಅದೇ ಆಗಿರಬೇಕು, ಏರಿಳಿತವು ಸರಿಯಾಗಿರಬೇಕು, ಹ್ರಸ್ವದೀರ್ಘಗಳು ತಪ್ಪಬಾರದು, ಪ್ರಯತ್ನವು ತಕ್ಕಷ್ಟಿರಬೇಕು, ನಡೆಯು ಸಮವಾಗಿರಬೇಕು, ಪದಗಳು ಒಂದಕ್ಕೊಂದು ಹೊಂದಿಕೊಂಡು ಬರಬೇಕು. ವೇದಮಂತ್ರವನ್ನು ಉದಾತ್ತ, ಅನುದಾತ್ತ, ಸ್ವರಿತಗಳೊಡನೆ ಗುರುಮುಖದಿಂದಲೇ ಕಲಿಯಬೇಕೆಂಬುದು ಪರಂಪರೆ. ಪುಸ್ತಕಗಳಲ್ಲಿ ಅಕ್ಷರದ ಕೆಳಗೆ ಎಳೆದ ಅಡ್ಡಗೆರೆಯು ಅನುದಾತ್ತಕ್ಕೂ, ಮೇಲಿನ ನಿಲುಗೆರೆಯು ಸ್ವರಿತಕ್ಕೂ ಗುರುತು. ಗೆರೆಯಿಲ್ಲದ್ದು ಸಾಮಾನ್ಯವಾಗಿ ಉದಾತ್ತ. ಗೆರೆಗಳು ನೆನಪಿಗೆ ಸಹಾಯ ಮಾಡುವುವೇ ಹೊರತು ಕಿವಿಯ ಕೆಲಸವನ್ನು ಮಾಡಲಾರವು. ಬಾಯಿಂದ ಬಾಯಿಗೆ ಬಂದ ಈ ವೇದಪಾಠದ ಪರಂಪರೆಯನ್ನು ಯುನೆಸ್ಕೋ ಸಂಸ್ಥೆಯು 2003ರಲ್ಲಿ ಮನುಕುಲದ ಅಮೂಲ್ಯ ಪರಂಪರೆಗಳಲ್ಲೊಂದೆಂದು ಘೋಷಿಸಿ, 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಸ್ವರವನ್ನು ಕಲಿಯುವ ಅನುಕೂಲವಿಲ್ಲದವರು ಅರ್ಥವನ್ನಾದರೂ ಕನ್ನಡದಲ್ಲಿ ನೆನೆದುಕೊಳ್ಳಬಹುದು; ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಕನ್ನಡಿಗರ ನಾಲಿಗೆಯು ಸಾಧಾರಣವಾಗಿ ಜಾರುವ ಸ್ಥಳಗಳನ್ನು ಇಲ್ಲಿ ಸೂಚಿಸುವುದು ಅನುಚಿತವಾಗಲಾರದು. ಮೊದಲನೆಯದು, 'ಪಿತೃ' ಎಂಬುದನ್ನು 'ಪಿತ್ರು' ಎನ್ನುವುದು. 'ತೃ' ಎಂಬಲ್ಲಿ ಇರುವುದು ಋಕಾರವೆಂಬ ಸ್ವರ, ಅದು ಒತ್ತಕ್ಷರವಲ್ಲ. ಅದನ್ನು 'ತ್ರು' ಮಾಡಿದೊಡನೆ ಒತ್ತಕ್ಷರವಾಗಿ ಹಿಂದಿನ 'ಪಿ' ಎಂಬ ಲಘುವು ಗುರುವಾಗುವುದು, ಮಾತ್ರೆ ಕೆಡುವುದು. ಎರಡನೆಯದು, 'ಭ'ಕಾರವನ್ನು 'ಬ'ಕಾರ ಮಾಡುವುದು. ಮೂರನೆಯದು, 'ಆಚಾರ್ಯ' ಎಂಬುದನ್ನು ಒಡೆದು 'ಆಚಾರಿಯ' ಎನ್ನುವುದು. ನಾಲ್ಕನೆಯದು 'ಅತಿಥಿ'. ಮಹಾಪ್ರಾಣವು ಕಡೆಯ ಅಕ್ಷರದಲ್ಲಿ ಮಾತ್ರ ಇರುವುದು; ಅದನ್ನು ನಡುವಿನ ಅಕ್ಷರಕ್ಕೆ ಸಾಗಿಸಿ 'ಅಥಿತಿ' ಎಂದು ಹೇಳುವವರೂ, ಆಮಂತ್ರಣಪತ್ರಿಕೆಗಳಲ್ಲಿ ಹಾಗೆಯೇ ಅಚ್ಚುಮಾಡಿಸುವವರೂ ಉಂಟು. ಮಕ್ಕಳಿಗೆ ಕಲಿಸುವಾಗಲೇ ಈ ನಾಲ್ಕನ್ನು ತಿದ್ದಿದರೆ ಮುಂದೆ ತೊಂದರೆಯಿರದು.

ಪಾಣಿನೀಯ ಶಿಕ್ಷೆಯಲ್ಲಿ ಅಧಮರಾದ ಆರು ಬಗೆಯ ಪಾಠಕರನ್ನು ಹೇಳಿದೆ: ರಾಗವಾಗಿ ಹಾಡುವವನು, ಬೇಗಬೇಗನೆ ಹೇಳುವವನು, ತಲೆಯಾಡಿಸುವವನು, ಬರೆದದ್ದನ್ನು ನೋಡಿ ಓದುವವನು, ಅರ್ಥವನ್ನರಿಯದವನು, ದನಿ ಕ್ಷೀಣವಾದವನು. ಕಚೇರಿಯ ಹೊತ್ತಾಯಿತೆಂದು ಒಂದೇ ಉಸಿರಿನಲ್ಲಿ ಮುಗಿಸಿ ಏಳುವ ಗೃಹಸ್ಥನು ಈ ಪಟ್ಟಿಯಲ್ಲಿ ತನ್ನ ಸ್ಥಳವನ್ನು ತಾನೇ ಹುಡುಕಿಕೊಳ್ಳಬಹುದು. ಅದೇ ಗ್ರಂಥವು ಉತ್ತಮ ಪಾಠಕನ ಗುಣಗಳನ್ನೂ ಎಣಿಸಿದೆ: ಮಾಧುರ್ಯ, ಅಕ್ಷರಗಳ ಸ್ಪಷ್ಟತೆ, ಪದಗಳ ವಿಂಗಡಣೆ, ಒಳ್ಳೆಯ ಸ್ವರ, ಧೈರ್ಯ, ಲಯಜ್ಞಾನ. ಅಲ್ಲಿ ಬರುವ ಒಂದು ಹೋಲಿಕೆಯಂತೂ ಬಹು ಸೊಗಸಾದುದು. ಹೆಣ್ಣುಹುಲಿಯು ತನ್ನ ಮರಿಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಯ್ಯುವಾಗ, ಬಿದ್ದುಹೋಗದಂತೆ ಬಿಗಿಯಾಗಿಯೂ, ನೋವಾಗದಂತೆ ಮೃದುವಾಗಿಯೂ ಹಿಡಿಯುವುದಷ್ಟೆ. ಅಕ್ಷರಗಳನ್ನು ಹಾಗೆ ಉಚ್ಚರಿಸಬೇಕಂತೆ. ಉಚ್ಚಾರಣೆಯ ನಿಯಮವನ್ನು ಹೇಳಹೊರಟ ಶಾಸ್ತ್ರಕಾರನಿಗೂ ತಾಯಿಯೇ ಉದಾಹರಣೆಯಾಗಿ ಒದಗಿದಳೆಂಬುದನ್ನು ಗಮನಿಸಬೇಕು.

ಹೀಗೆ ಹೇಳಿಕೊಂಡರೆ ಮನಸ್ಸಿಗೆ ಶಾಂತಿಯುಂಟಾಗುವುದೆ? ಆಗುವುದೆಂದು ಹಿರಿಯರು ಅನುಭವದಿಂದ ಹೇಳುತ್ತ ಬಂದಿದ್ದಾರೆ. ಇದರ ಒಂದಂಶವನ್ನು ಈಚಿನ ವೈದ್ಯಶಾಸ್ತ್ರಜ್ಞರು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಇಟಲಿ ದೇಶದ ವಿದ್ವಾಂಸರು 23 ಮಂದಿ ಆರೋಗ್ಯವಂತರಿಂದ ಲ್ಯಾಟಿನ್ ಭಾಷೆಯ ಜಪಮಾಲೆಯ ಪ್ರಾರ್ಥನೆಯನ್ನೂ, ಒಂದು ಮಂತ್ರವನ್ನೂ ಹೇಳಿಸಿ, ಉಸಿರಾಟವನ್ನೂ ನಾಡಿಯನ್ನೂ ಅಳೆದರು. ಫಲಿತಾಂಶವು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡರಿಂದಲೂ ಉಸಿರಾಟವು ನಿಮಿಷಕ್ಕೆ ಸುಮಾರು 6 ಸಲಕ್ಕೆ ಇಳಿಯಿತು. ರಕ್ತದ ಒತ್ತಡವನ್ನು ಹದದಲ್ಲಿಡುವ ದೇಹದ ಸಹಜ ವ್ಯವಸ್ಥೆಯು ಹೆಚ್ಚು ಚುರುಕಾಯಿತು. ಸುಮ್ಮನೆ ಕುಳಿತ ವಯಸ್ಕನು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುವುದು ಸಾಮಾನ್ಯ. ಭಾಷೆ ಬೇರೆ, ಮತ ಬೇರೆಯಾದರೂ ಪರಿಣಾಮವು ಒಂದೇ ಆಯಿತು. ಇದರಿಂದ ತಿಳಿಯತಕ್ಕದ್ದೇನೆಂದರೆ, ದೇಹಕ್ಕೆ ಆಗುವ ಈ ಉಪಕಾರವು ಮುಖ್ಯವಾಗಿ ನಿಧಾನವಾದ ಲಯದಿಂದ ಬರತಕ್ಕದ್ದು. ಆದರೆ ಇದು ಕೆಲವೇ ಜನರ ಮೇಲೆ ನಡೆದ ಪರೀಕ್ಷೆ. ರಕ್ತದೊತ್ತಡದ ಮಾತ್ರೆಯನ್ನು ಬಿಟ್ಟು ಮಂತ್ರವನ್ನು ಹಿಡಿಯಿರೆಂದು ಯಾರೂ ಇದನ್ನು ಅರ್ಥಮಾಡಬಾರದು.

ಆದುದರಿಂದ ಕ್ರಮವನ್ನು ಹೀಗೆ ಇಟ್ಟುಕೊಳ್ಳಬಹುದು. ಬೆಳಿಗ್ಗೆಯಾಗಲಿ, ಸಂಜೆ ದೀಪ ಹಚ್ಚಿದ ಮೇಲಾಗಲಿ, ಬೆನ್ನನ್ನು ನೆಟ್ಟಗಿಟ್ಟು ಕುಳಿತುಕೊಳ್ಳಬೇಕು. ಒಂದು ವಾಕ್ಯಕ್ಕೆ ಒಂದು ಉಸಿರು. ವಾಕ್ಯವನ್ನು ಸಾವಕಾಶವಾಗಿ ಹೇಳಿ, ತುಸು ನಿಂತು, ಮತ್ತೆ ಮೆಲ್ಲಗೆ ಉಸಿರನ್ನು ಒಳಗೆ ತೆಗೆದುಕೊಳ್ಳುವಷ್ಟರಲ್ಲಿ ಸುಮಾರು 10 ಸೆಕೆಂಡುಗಳಾಗುವುವು. ನಾಲ್ಕು ವಾಕ್ಯಗಳನ್ನು ಮೂರಾವರ್ತಿ ಹೇಳಿದರೆ ಹನ್ನೆರಡು ಉಸಿರು; ಒಟ್ಟು 2 ನಿಮಿಷ. ಕಡೆಗೆ ಶಾಂತಿ ಎಂಬ ಪದವನ್ನು ಮೂರು ಸಲ ಹೇಳುವುದು ರೂಢಿ. ತನ್ನ ದೇಹ ಮನಸ್ಸುಗಳಿಂದ ಬರುವ ತಾಪ, ಇತರ ಪ್ರಾಣಿಗಳಿಂದ ಬರುವ ತಾಪ, ದೈವದಿಂದ ಬರುವ ತಾಪ ಈ ಮೂರೂ ಅಡಗಲೆಂದು ಅದರ ಉದ್ದೇಶವೆನ್ನುತ್ತಾರೆ. ಎಷ್ಟೇ ಕೆಲಸವಿರುವವನಿಗೂ 2 ನಿಮಿಷಗಳ ಬಿಡುವು ದೊರೆಯದೆಂದು ಹೇಳುವಂತಿಲ್ಲ.

ಆದರೆ ಈ ಶಾಂತಿಯು ಯಾವುದಕ್ಕಾಗಿ ಎಂಬ ಪ್ರಶ್ನೆಯು ಇಲ್ಲಿಯೇ ಏಳುವುದು. ಮುಂಜಾನೆ ದೊರೆತ ಸಮಾಧಾನವು ದೇವರ ಮನೆಯ ಹೊಸ್ತಿಲನ್ನು ದಾಟಿ ಹೊರಗೆ ಬರದಿದ್ದರೆ ಅದರಿಂದ ಯಾರಿಗೆ ಪ್ರಯೋಜನ? ನಮ್ಮ ಮನೆಗಳಲ್ಲಿ ನಡೆಯುವುದನ್ನು ಮರೆಮಾಚದೆ ನೋಡೋಣ. ಮಗನು ದೇವರ ಮುಂದೆ ಗಟ್ಟಿಯಾಗಿ ಮಂತ್ರವನ್ನು ಹೇಳುತ್ತಿರುತ್ತಾನೆ. ಹಿಂದಿನ ಕೋಣೆಯಲ್ಲಿ ಮುದುಕಿ ತಾಯಿಯು ಬಿಸಿನೀರಿಗಾಗಿ ಎರಡು ಸಲ ಕೂಗಿರುತ್ತಾಳೆ. ಮೂರನೆಯ ಸಲ ಕೂಗಿದಾಗ ಮಂತ್ರವನ್ನು ನಡುವೆಯೇ ನಿಲ್ಲಿಸಿ, 'ಸ್ವಲ್ಪ ಸುಮ್ಮನಿರಬಾರದೆ?' ಎಂದು ಗದರಿಸಿ, ಮತ್ತೆ ನಿಲ್ಲಿಸಿದಲ್ಲಿಂದ ಮುಂದುವರಿಸುತ್ತಾನೆ. 'ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ' ಎಂಬ ಗಾದೆಯು ಹುಟ್ಟಿದುದು ಇಂಥದನ್ನು ಕಂಡೇ ಇರಬೇಕು. ಆ ಹೊತ್ತಿನಲ್ಲಿ ಎದ್ದುಹೋಗಿ ಒಂದು ಚೊಂಬು ಬಿಸಿನೀರನ್ನು ಕೊಟ್ಟುಬಂದಿದ್ದರೆ ಪಾಠಕ್ಕೆ ಭಂಗ ಬರುತ್ತಿತ್ತೆ? ಮೇಲೆ ಹೇಳಿದ ಬಹುವ್ರೀಹಿಯ ಅರ್ಥವನ್ನು ಒಪ್ಪುವುದಾದರೆ, ಪಾಠವು ಅಲ್ಲಿಯೇ ಪೂರ್ತಿಯಾಗುತ್ತಿತ್ತು.

ವೃದ್ಧರ ಮೇಲೆ ನಮಗೆ ಸಿಟ್ಟು ಬರುವುದು ಬಹುಶಃ ದೊಡ್ಡ ಕಾರಣಗಳಿಂದಲ್ಲ. ಹೇಳಿದ್ದು ಕೇಳಿಸುವುದಿಲ್ಲ, ಕೇಳಿದ್ದನ್ನೇ ಕೇಳುತ್ತಾರೆ, ನಡೆಯುವುದು ನಿಧಾನ, ಉಣ್ಣುವುದು ನಿಧಾನ. ಇವುಗಳಲ್ಲಿ ಕಿವಿಯ ವಿಷಯವನ್ನೇ ತೆಗೆದುಕೊಳ್ಳಿ. ಮುಪ್ಪಿನಲ್ಲಿ ಸಾಮಾನ್ಯವಾಗಿ ಮೊದಲು ಕುಂದುವುದು ಎತ್ತರದ ಸ್ಥಾಯಿಯ ಸಪ್ಪಳಗಳನ್ನು ಹಿಡಿಯುವ ಶಕ್ತಿ. ಸಕಾರ, ತಕಾರ ಮುಂತಾದ ವ್ಯಂಜನಗಳ ಗುರುತು ಹೆಚ್ಚಾಗಿ ಆ ಸ್ಥಾಯಿಯಲ್ಲಿರುವುದು. ಅಕಾರ, ಓಕಾರ ಮುಂತಾದ ಸ್ವರಗಳ ಬಲವು ಕೆಳಗಿನ ಸ್ಥಾಯಿಯಲ್ಲಿರುವುದು. ಆದುದರಿಂದ ಮುದುಕರಿಗೆ ಯಾರೋ ಮಾತನಾಡುತ್ತಿರುವರೆಂದು ತಿಳಿಯುವುದು, ಏನು ಹೇಳಿದರೆಂಬುದು ತಿಳಿಯದು. ನಾವು ಕಿರಿಚಿದರೆ ಸ್ವರಗಳು ಮಾತ್ರ ದೊಡ್ಡವಾಗಿ ಮಾತು ಇನ್ನಷ್ಟು ಕಲಸಿಹೋಗುವುದು. ಅದರ ಮೇಲೆ, ಮಗನು ಬೈಯುತ್ತಿದ್ದಾನೆಂದು ಅವರಿಗೆ ನೋವು ಬೇರೆ. ಎದುರಿಗೆ ಬಂದು, ಮುಖವು ಕಾಣುವಂತೆ ಕುಳಿತು, ಅಕ್ಷರಗಳನ್ನು ಬಿಡಿಸಿ, ಪದಕ್ಕೂ ಪದಕ್ಕೂ ನಡುವೆ ತುಸು ನಿಂತು, ಸಮವಾದ ದನಿಯಲ್ಲಿ ಹೇಳಿದರೆ ಬಹಳಮಟ್ಟಿಗೆ ತಿಳಿಯುವುದು. ವಾಚಕರು ಇಲ್ಲಿ ಒಂದನ್ನು ಗಮನಿಸಿರಬಹುದು. ಅಕ್ಷರಗಳ ಸ್ಪಷ್ಟತೆ, ಪದಗಳ ವಿಂಗಡಣೆ, ಮಾಧುರ್ಯ, ಧೈರ್ಯ ಎಂದು ಶಿಕ್ಷಾಶಾಸ್ತ್ರವು ಹೇಳಿದುದೂ, ಕಿವಿ ಮಂದವಾದ ತಂದೆಗೆ ಬೇಕಾದುದೂ ಬೇರೆ ಬೇರೆಯಲ್ಲ! ಮುಂಜಾನೆ ಮಂತ್ರದಲ್ಲಿ ಪಳಗಿದ ನಾಲಿಗೆಯು ಮಧ್ಯಾಹ್ನ ತಂದೆಯೊಡನೆ ಮಾತನಾಡುವಾಗ ಕೆಲಸಕ್ಕೆ ಬರಬೇಕು.

ಕೇಳಿದ್ದನ್ನೇ ಕೇಳುವ ವಿಷಯವೂ ಹಾಗೆಯೇ. ಮುಪ್ಪಿನ ಮರೆವು ಕೆಲವರಲ್ಲಿ ಮೆದುಳಿನ ರೋಗವಾಗಿ ಬೆಳೆಯುವುದುಂಟು. ಅಂಥವರು ಐದು ನಿಮಿಷಗಳ ಹಿಂದೆ ಕೇಳಿದುದನ್ನು ಮತ್ತೆ ಕೇಳುವುದು ಹಟದಿಂದಲ್ಲ. ಅವರ ಪಾಲಿಗೆ ಆ ಪ್ರಶ್ನೆಯು ಪ್ರತಿ ಸಲವೂ ಹೊಸದೇ. 'ಆಗಲೇ ಹೇಳಲಿಲ್ಲವೆ?' ಎಂಬ ಮಾತಿನಿಂದ ನೆನಪು ಬರಲಾರದು. ಅವಮಾನವಾಯಿತೆಂಬ ನೋವು ಮಾತ್ರ ಉಳಿಯುವುದು. ವೈದ್ಯರಿಗೆ ತೋರಿಸಬೇಕಾದುದನ್ನು ತೋರಿಸಬೇಕು; ಉತ್ತರವನ್ನು ಮತ್ತೊಮ್ಮೆ ಹೇಳಬೇಕು. ನಾವು ಎಳೆಯವರಾಗಿದ್ದಾಗ ಚಂದ್ರನನ್ನು ತೋರಿಸಿ 'ಅದೇನು?' ಎಂದು ಎಷ್ಟು ಸಲ ಕೇಳಿದೆವೋ, ಲೆಕ್ಕವಿಟ್ಟವರಾರು? ಒಂದು ಉಸಿರಿನ ಅವಕಾಶವನ್ನು ಕೊಟ್ಟು ಉತ್ತರ ಹೇಳುವುದಾದರೆ ಸಿಟ್ಟು ಅರ್ಧಕ್ಕರ್ಧ ಇಳಿಯುವುದು. ಮಂತ್ರದಿಂದ ಕಲಿತ ಉಸಿರಿನ ಅಭ್ಯಾಸಕ್ಕೆ ಇದಕ್ಕಿಂತ ತಕ್ಕ ವಿನಿಯೋಗವಿಲ್ಲ.

ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಅನೇಕ ಮನೆಗಳಲ್ಲಿ ಮಂತ್ರವು ಮಗನದು, ಸೇವೆಯು ಸೊಸೆಯದು. ಅತ್ತೆಮಾವಂದಿರ ಊಟ, ಔಷಧ, ಸ್ನಾನ, ಬಟ್ಟೆ ಎಲ್ಲವೂ ಅವಳ ಪಾಲಿಗೆ. 'ನಮ್ಮ ಮನೆಯಲ್ಲಿ ಹಿರಿಯರನ್ನು ದೇವರಂತೆ ನೋಡಿಕೊಳ್ಳುತ್ತೇವೆ' ಎಂಬ ಹೆಗ್ಗಳಿಕೆಯು ಇವನ ಪಾಲಿಗೆ. ಉಪನಿಷತ್ತಿನ ಆಚಾರ್ಯನು ಆಜ್ಞೆ ಮಾಡಿದುದು ಎದುರಿಗೆ ನಿಂತ ಮಗನಿಗೆ. ಅದನ್ನು ಅವನು ಹೆಂಡತಿಗೆ ವರ್ಗಮಾಡಿ ತಾನು ಪಾಠವನ್ನು ಮಾತ್ರ ಉಳಿಸಿಕೊಳ್ಳುವುದು ನ್ಯಾಯವಲ್ಲ. ಅವಳಿಗೂ ತಾಯಿತಂದೆಗಳಿದ್ದಾರೆ, ಆ ವಾಕ್ಯವು ಅವರ ವಿಷಯದಲ್ಲಿಯೂ ಸಲ್ಲಬೇಕು. 1956ರ ಹಿಂದೂ ದತ್ತಕ ಮತ್ತು ಜೀವನಾಂಶದ ಕಾನೂನು ವೃದ್ಧ ತಾಯಿತಂದೆಗಳನ್ನು ಪೋಷಿಸುವ ಹೊಣೆಯನ್ನು ಮಗನಿಗೂ ಮಗಳಿಗೂ ಸಮನಾಗಿ ವಿಧಿಸಿತು.

ಕಾನೂನಿನ ಮಾತು ಬಂದುದರಿಂದ ಮತ್ತೊಂದನ್ನು ಹೇಳಿಬಿಡುವೆವು. 2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ 60 ವರ್ಷ ತುಂಬಿದವರ ಸಂಖ್ಯೆ ಸುಮಾರು 10 ಕೋಟಿ 38 ಲಕ್ಷ. ಇವರಲ್ಲಿ ನಿರ್ಗತಿಕರಾದವರ ಕಷ್ಟವನ್ನು ಕಂಡು, 2007ರಲ್ಲಿ ತಾಯಿತಂದೆಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿಯೇ ಪಾರ್ಲಿಮೆಂಟು ಒಂದು ಕಾನೂನನ್ನು ಮಾಡಿತು. ನೋಡಿಕೊಳ್ಳದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಗಳವರೆಗೆ ಜೀವನಾಂಶವನ್ನು ಕೊಡಿಸಲು ನ್ಯಾಯಮಂಡಲಿಗೆ ಅದರಲ್ಲಿ ಅಧಿಕಾರ ದೊರೆಯಿತು. ಹಿರಿಯರನ್ನು ಎಲ್ಲಿಯಾದರೂ ಬಿಟ್ಟುಹೋದವರಿಗೆ ಮೂರು ತಿಂಗಳವರೆಗೆ ಸೆರೆಮನೆಯ ಶಿಕ್ಷೆಯನ್ನೋ 5,000 ರೂಪಾಯಿಗಳವರೆಗೆ ಜುಲ್ಮಾನೆಯನ್ನೋ ಎರಡನ್ನೂ ಕೂಡಿಯೋ ವಿಧಿಸಬಹುದೆಂದಾಯಿತು. ಇಂಥ ಕಾನೂನು ಬೇಕಾಯಿತಲ್ಲ ಎಂದು ವ್ಯಸನಪಡಬಹುದು; ಆದರೆ ಬೇಕಾದವರಿಗೆ ಅದು ಆಸರೆಯೇ ಸರಿ. ಅಂತೂ ಕಾನೂನು ಅನ್ನವನ್ನು ಕೊಡಿಸಬಲ್ಲದು, ಸೂರನ್ನು ಕೊಡಿಸಬಲ್ಲದು. ಸಂಜೆ ಪಕ್ಕದಲ್ಲಿ ಕುಳಿತು ಎರಡು ಮಾತನಾಡುವ ಮಗನನ್ನು ಕೊಡಿಸಲಾರದು. ಆ ಉಳಿದ ಭಾಗವನ್ನು ನಾವೇ ಸಲ್ಲಿಸಬೇಕು.

ತಾಯಿತಂದೆಗಳನ್ನು ದೇವರಂತೆ ಕಾಣುವುದೆಂದರೆ ಅವರು ಹೇಳಿದ ತಪ್ಪನ್ನೂ ತಲೆಯ ಮೇಲೆ ಹೊರಬೇಕೆ? ಎಂದು ತರುಣರು ಕೇಳುವುದುಂಟು. ಪ್ರಶ್ನೆಯು ಯೋಗ್ಯವಾದುದೇ. ಅದೇ ಅನುವಾಕದಲ್ಲಿ, ಈ ನಾಲ್ಕು ವಾಕ್ಯಗಳ ಬೆನ್ನಲ್ಲಿಯೇ ಆಚಾರ್ಯನು ಇದಕ್ಕೂ ಉತ್ತರವನ್ನು ಕೊಟ್ಟಿದ್ದಾನೆ. ನಮ್ಮಲ್ಲಿ ಒಳ್ಳೆಯ ನಡತೆಗಳು ಯಾವುವೋ ಅವನ್ನು ಮಾತ್ರ ನೀನು ಅನುಸರಿಸಬೇಕು, ಮಿಕ್ಕವನ್ನಲ್ಲ ಎಂದು ತನ್ನನ್ನೂ ಸೇರಿಸಿಕೊಂಡೇ ಹೇಳುತ್ತಾನೆ. ದೇವರಂತೆ ಕಾಣು ಎಂದ ಬಾಯಿಯೇ, ವಿವೇಚನೆಯನ್ನು ಬಿಡಬೇಡ ಎಂದೂ ಹೇಳಿತು. ವರದಕ್ಷಿಣೆಯನ್ನು ಕೇಳೆಂದು ತಂದೆಯು ಬಲವಂತಪಡಿಸಿದರೆ ಒಪ್ಪದಿರುವುದು ಧರ್ಮ. ಒಪ್ಪದಿರುವಾಗ ದನಿಯನ್ನು ತಗ್ಗಿಸಿ ಹೇಳುವುದು ಗೌರವ. ಎರಡೂ ಒಟ್ಟಿಗೆ ಇರಬಲ್ಲವು. ಮುಂದೆ, ಕರ್ತವ್ಯದಲ್ಲಿ ಸಂದೇಹ ಬಂದಾಗ ಯಾರನ್ನು ನೋಡಿ ನಡೆಯಬೇಕೆಂಬುದನ್ನು ಹೇಳುವಾಗಲೂ, ವಿಚಾರವಂತರೂ ರೂಕ್ಷಸ್ವಭಾವವಿಲ್ಲದವರೂ ಆದವರನ್ನೇ ಆಚಾರ್ಯನು ಮಾದರಿಯಾಗಿ ತೋರಿಸಿದ್ದಾನೆ. ಕಲಿತವನಾಗಿದ್ದರೆ ಸಾಲದು, ಒರಟನಾಗಿರಬಾರದು. ಮನಸ್ಸಿನ ಶಾಂತಿಯು ಹೊರಗೆ ಕಾಣಿಸಿಕೊಳ್ಳುವುದು ಈ ಒರಟುತನವಿಲ್ಲದಿರುವಿಕೆಯಲ್ಲಿಯೇ ಅಲ್ಲವೆ?

ತಾಯಿತಂದೆಗಳು ಈಗಾಗಲೇ ತೀರಿಹೋಗಿರುವವರು ತಮಗೆ ಈ ಪಾಠದಿಂದ ಏನೆಂದು ಕೇಳಬಹುದು. ಅವರು ತರ್ಪಣ, ಶ್ರಾದ್ಧಗಳನ್ನು ತಮ್ಮ ಸಂಪ್ರದಾಯದಂತೆ ನಡೆಸಲಿ. ಜೊತೆಗೆ, ಬಂಧುಗಳಲ್ಲಿಯೋ ನೆರೆಹೊರೆಯಲ್ಲಿಯೋ ಮಕ್ಕಳು ದೂರದ ಊರಿನಲ್ಲಿರುವ ಮುದುಕರೊಬ್ಬರು ಇದ್ದೇ ಇರುವರು. ಅವರ ಬಾಗಿಲಿಗೆ ವಾರಕ್ಕೊಮ್ಮೆ ಹೋಗಿ, ಬಂದ ಕಾಗದವನ್ನು ಓದಿ ಹೇಳಿ, ಔಷಧವು ಮುಗಿದಿದೆಯೇ ಎಂದು ವಿಚಾರಿಸಿ ಬರಬಹುದು. 'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ' ಎಂದು ಬಲ್ಲ ನಮ್ಮ ನಾಡಿನಲ್ಲಿ, ಇನ್ನೊಬ್ಬರ ತಾಯಿಯನ್ನು ತಾಯಿಯೆಂದು ಕರೆಯುವುದು ಹೊಸ ಪಾಠವೇನೂ ಅಲ್ಲ.

ಈ ತಿಂಗಳು ವಾಚಕ ಮಹಾಶಯರು ಒಂದು ಸಣ್ಣ ನಿಯಮವನ್ನು ಹಿಡಿದು ನೋಡಬೇಕೆಂದು ನಮ್ಮ ಬಿನ್ನಹ. ಆ ನಾಲ್ಕು ವಾಕ್ಯಗಳನ್ನು ಹೇಳುವಾಗ, ಸಾಧ್ಯವಿದ್ದಲ್ಲಿ, ತಾಯಿತಂದೆಗಳು ಇರುವ ಕೋಣೆಯಲ್ಲಿಯೇ ಕುಳಿತು ಹೇಳಿರಿ. ಅವರಿಗೆ ಬರುವುದಾದರೆ ಅವರಿಂದಲೇ ಹೇಳಿಸಿಕೊಳ್ಳಿರಿ, ತಿದ್ದಿದರೆ ತಿದ್ದಿಸಿಕೊಳ್ಳಿರಿ. ಮುಗಿದೊಡನೆ ಏಳಬೇಡಿರಿ. 'ರಾತ್ರಿ ನಿದ್ರೆ ಬಂದಿತೆ? ಮಂಡಿಯ ನೋವು ಹೇಗಿದೆ? ಏನಾದರೂ ಬೇಕೆ?' ಎಂದು ಕೇಳಿ, ಉತ್ತರವು ಎಷ್ಟೇ ಉದ್ದವಾಗಲಿ, ಪೂರ್ತಿಯಾಗುವವರೆಗೆ ಕುಳಿತುಕೊಳ್ಳಿರಿ. ಊರು ಬೇರೆಯಾಗಿದ್ದರೆ ಟೆಲಿಫೋನಿನಲ್ಲಿಯೇ ಕೇಳಿರಿ. ಮಂತ್ರಕ್ಕೆ 2 ನಿಮಿಷ, ಮಾತಿಗೆ 10 ನಿಮಿಷ ಹಿಡಿಯಬಹುದು. ಮಕ್ಕಳು ಅಲ್ಲಿಯೇ ಎಲ್ಲೋ ಆಡುತ್ತಿರುವರು. ಅವರಿಗೆ ಬೇರೆಯಾಗಿ ಬಾಯಿಪಾಠ ಮಾಡಿಸುವ ಶ್ರಮವೂ ಇರದು.